ಗಡಿಯಾರಪ್ಪನವರ ಜೀಪಿಗೆ ಕರೆಗಂಟೆ

ಗಡಿಯಾರಪ್ಪನವರು ಆ ಜೀಪನ್ನು ಮೊದಲು ಕಂಡ ದಿನ ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು.

ಬಾವಿ ಕೊರೆಸುವ ಗುತ್ತಿಗೆದಾರರ ಮನೆಯ ಗೋಡೆಗಡಿಯಾರವನ್ನು ರಿಪೇರಿ ಮಾಡಿ ಕೊಡಲು ಹೋಗಿದ್ದವರು ಕೈ ತೊಳೆಯಲೆಂದು ಹಿತ್ತಲಿಗೆ ಕಾಲಿಟ್ಟರು. ಅಲ್ಲಿ ಬಳ್ಳಿ ಹಬ್ಬಿದ ಕಬ್ಬಿಣದ ರಾಶಿಯೊಂದು ಎರಡು ದುಂಡು ಕಣ್ಣುಗಳಿಂದ ಅವರನ್ನೇ ನೋಡುತ್ತಿತ್ತು. ಒಂದು ಕಣ್ಣಿಗೆ ಗಾಜಿರಲಿಲ್ಲ. ಬಳ್ಳಿ ಸರಿಸಿ ನೋಡಿದರೆ ಹಳೆಯ ಕಾಲದ ಜೀಪು! ಕಲ್ಲು, ಕೆಸರು, ಗುಡ್ಡ ಯಾವುದನ್ನೂ ಲೆಕ್ಕಿಸದೆ ನಾಲ್ಕೂ ಚಕ್ರಗಳಿಂದ ಮಣ್ಣು ಕೆರೆದು ಹತ್ತುವ ಜಾತಿ. ಗುತ್ತಿಗೆದಾರರು ಬಾಗಿಲಲ್ಲೇ ನಿಂತು, “ಬೇಕಾದ್ರೆ ಎಳೆಸ್ಕೊಂಡು ಹೋಗಿ. ನಿಮ್ಮ ಕೂಲಿಗೆ ಅದು ಸರಿಹೋಯ್ತು. ಕೋಳಿ ಮಾತ್ರ ನಮ್ಮದು,” ಎಂದರು.

ಗಡಿಯಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆ ಬೀದಿಯ ಮೂಲೆಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಗಲದ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರಿನ ಕಾಲವನ್ನೆಲ್ಲ ಸರಿಪಡಿಸಿದ್ದಕ್ಕೆ ಊರು ಕೊಟ್ಟ ಬಿರುದು. ಅವರು ಬಿಚ್ಚಿದ ಗಡಿಯಾರ ಮತ್ತೆ ಓಡದೆ ಹೋದದ್ದಿಲ್ಲ. ಆದ್ದರಿಂದ ಆ ಸಂಜೆ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಅಂಗಳಕ್ಕೆ ತಂದು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಹೆಂಡತಿಗೆ ಹೇಳಿದ ಮಾತಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

“ಜೀಪು ಅಂದ್ರೆ ಏನು ತಿಳ್ಕೊಂಡಿದೀಯ? ದೊಡ್ಡ ಗಡಿಯಾರ, ಅಷ್ಟೆ. ಇದೇ ಜೀಪಲ್ಲಿ ನಿನ್ನನ್ನ ನಿಮ್ಮಕ್ಕನ ಮನೆಗೆ ಕರ್ಕೊಂಡು ಹೋಗ್ತೀನಿ. ಮನೆ ಖರ್ಚಿನ ದುಡ್ಡಲ್ಲಿ ಒಂದು ಕಾಸು ಮುಟ್ಟಿದ್ರೆ ನನ್ನ ಹೆಸರು ಗಡಿಯಾರಪ್ಪ ಅಲ್ಲ.”

“ಅದು ಹೇಗೂ ನಿಮ್ಮ ಹೆಸರಲ್ಲ,” ಎಂದರು ಮನೆಯಾಕೆ. ಆದರೆ ಅಕ್ಕನ ಮಾತು ಬಂದೊಡನೆ ಅವರ ಮುಖ ಸ್ವಲ್ಪ ಅರಳಿತು.

ಅಕ್ಕ ಇದ್ದದ್ದು ಊರಾಚೆಯ ಗುಡ್ಡದ ನೆತ್ತಿಯಲ್ಲಿ. ಗಾಳಿ ಎಷ್ಟು ಬೀಸಿತು, ಮಳೆ ಎಷ್ಟು ಸುರಿಯಿತು ಎಂದು ಅಳೆಯುವ ಕೇಂದ್ರದಲ್ಲಿ ಕೆಲಸ, ಪಕ್ಕದಲ್ಲೇ ವಸತಿ. ಎರಡು ವರ್ಷದ ಹಿಂದೆ ಮೆಟ್ಟಿಲು ಜಾರಿ ಮಂಡಿಗೆ ಪೆಟ್ಟಾದ ಮೇಲೆ ಅವರು ಕೆಳಗಿಳಿದಿರಲಿಲ್ಲ. ಸಾಮಾನು ಸಾಗಿಸುವ ಟ್ರ್ಯಾಕ್ಟರು ಆಗೊಮ್ಮೆ ಈಗೊಮ್ಮೆ ಹೋಗಿಬರುತ್ತಿತ್ತು. ಅದರಲ್ಲಿ ಕೂತರೆ ಇನ್ನೊಂದು ಮಂಡಿಯ ಆಸೆಯನ್ನೂ ಬಿಡಬೇಕು. ಬಾಡಿಗೆ ಕಾರಿನವರಂತೂ ಗುಡ್ಡದ ದಾರಿ ಎಂದರೆ ಕೈಮುಗಿದುಬಿಡುತ್ತಿದ್ದರು. ತಂಗಿಗೆ ಏದುಸಿರಿನ ತೊಂದರೆ. ಹತ್ತಿ ಹೋಗುವ ಹಾಗಿಲ್ಲ. ಅಷ್ಟರಲ್ಲಿ ತಂಗಿ ಹೊಸ ಮನೆಗೆ ಬಂದಿದ್ದರು. ಅಕ್ಕ ಆ ಮನೆಯನ್ನು ನೋಡಿರಲಿಲ್ಲ. ನೋಡದಿದ್ದರೇನು, ಹೊಸ ಮನೆಗೆ ಬೇಕಾದದ್ದನ್ನೆಲ್ಲ ಅದೇ ಟ್ರ್ಯಾಕ್ಟರಿನಲ್ಲಿ ಒಂದೊಂದಾಗಿ ಕಳಿಸಿಕೊಟ್ಟಿದ್ದರು: ದೊಡ್ಡ ಹಳದಿ ಹೂಗಳ ಪರದೆ, ಎರಡು ಬೆತ್ತದ ಕುರ್ಚಿ, ನಿಲುವುಗನ್ನಡಿ, ತಾವೇ ಹೆಣೆದ ‘ಸುಸ್ವಾಗತ’ ಎಂಬ ಕಾಲೊರಸು, ಒತ್ತಿದರೆ ಡಿಂಗ್-ಡಾಂಗ್ ಎನ್ನುವ ಕರೆಗಂಟೆ. ಗಡಿಯಾರದವನ ಮನೆಗೆ ಒಂದು ಗೋಡೆಗಡಿಯಾರವನ್ನೂ ಕಳಿಸಿದ್ದರು. ಪ್ರತಿ ಸಲ ಫೋನಿನಲ್ಲೂ ಒಂದೇ ಮಾತು: “ಪುಟ್ಟೀ, ನಿನ್ನ ಮನೆ ಒಂದ್ಸಲ ಕಣ್ತುಂಬ ನೋಡ್ಬೇಕು ಕಣೆ.”

ರಿಪೇರಿ ಶುರುವಾಯಿತು. ಗಡಿಯಾರ ಬಿಚ್ಚುವವರಿಗೆ ಒಂದು ಶಿಸ್ತಿದೆ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಧೂಳು ತಾಗದಂತೆ ಪುಟ್ಟ ಗಾಜಿನ ಬಟ್ಟಲು ಕವುಚಿ ಮುಚ್ಚಿಡಬೇಕು. ಗಡಿಯಾರಪ್ಪನವರು ಶಿಸ್ತು ಬಿಡುವ ಆಸಾಮಿಯಲ್ಲ. ಜೀಪಿನ ಭಾಗಗಳನ್ನು ನಡುಮನೆಯಲ್ಲಿ ಹಳೆಯ ಹೊದಿಕೆಯ ಮೇಲೆ ಸಾಲಾಗಿ ಜೋಡಿಸಿ, ಅಳತೆಗೆ ತಕ್ಕ ಬಟ್ಟಲು ಹುಡುಕುತ್ತ ಅಡುಗೆಮನೆಗೆ ನಡೆದರು. ಮರುದಿನ ಬೆಳಿಗ್ಗೆ ಮನೆಯಾಕೆ ಅನ್ನದ ಪಾತ್ರೆ ಎತ್ತಿದರೆ ಅದರಡಿ ಕಾರ್ಬ್ಯುರೇಟರ್. ಹಾಲಿನ ಪಾತ್ರೆಯಡಿ ನಾಲ್ಕು ಸ್ಪಾರ್ಕ್ ಪ್ಲಗ್ಗು. ಬಟ್ಟೆ ನೆನೆಸುವ ಟಬ್ಬನ್ನು ಸರಿಸಿದರೆ ಸಾಕ್ಷಾತ್ ಗೇರ್‌ಬಾಕ್ಸು, ಮೊಟ್ಟೆಯ ಮೇಲೆ ಕೂತ ಕೋಳಿಯ ಗಾಂಭೀರ್ಯದಲ್ಲಿ!

“ಅಡುಗೆ ಯಾವುದರಲ್ಲಿ ಮಾಡ್ಲಿ?” ಎಂದು ಅವರು ಕೇಳಿದ್ದಕ್ಕೆ, ಧೂಳು ಬಿದ್ದರೆ ಯಂತ್ರದ ಆಯಸ್ಸು ಕಡಿಮೆಯಾಗುತ್ತದೆ ಎಂಬ ವಿವರಣೆ ಸಿಕ್ಕಿತು. ಆ ವಾರವೆಲ್ಲ ಮನೆಯಲ್ಲಿ ಬಾಣಲೆಯೊಂದರಲ್ಲೇ ಸಕಲ ಪಾಕ ನಡೆಯಿತು.

ಗಡಿಯಾರಪ್ಪನವರ ಕೆಲಸದ ಸೊಬಗನ್ನು ನೋಡಿಯೇ ತಣಿಯಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬೋಲ್ಟಿನ ತುಕ್ಕೂ ಪರ್ವತಶ್ರೇಣಿ. ಆ ಪರ್ವತಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಸಪಾಟು ಮಾಡಿ, ಸೂಜಿಯ ಮೊನೆಯಲ್ಲಿ ಒಂದು ಹನಿ ಎಣ್ಣೆ ಮುಟ್ಟಿಸಿ, ಉಸಿರು ಬಿಗಿಹಿಡಿದು ಮುಂದಿನ ಬೋಲ್ಟಿಗೆ ಹೋಗುತ್ತಿದ್ದರು. ಬಂದ ಅತಿಥಿಯೊಬ್ಬರು ಇದನ್ನು ನೋಡಿ, ಈ ವೇಗದಲ್ಲಿ ಹೋದರೆ ಕೊನೆಯ ಬೋಲ್ಟಿಗೆ ಎಣ್ಣೆ ಬೀಳುವಾಗ ಮೊದಲನೆಯದಕ್ಕೆ ಮತ್ತೆ ತುಕ್ಕು ಹಿಡಿದಿರುತ್ತದೆ ಎಂದರು. ಅವರಿಗೆ ಎರಡನೆಯ ಸಲ ಕಾಫಿ ಕೊಡಲಿಲ್ಲ. ಕೊಡಲು ಲೋಟವೂ ಇರಲಿಲ್ಲ, ಅದರಡಿ ನಟ್ಟುಗಳಿದ್ದವು.

ಆದರೂ ಎಂಜಿನ್ನು ಒಂದು ದಿನ ಕೆಮ್ಮಿತು. ಇನ್ನೊಂದು ದಿನ ಗುಡುಗಿತು. ಬ್ರೇಕು, ಟೈರುಗಳ ಕೆಲಸವನ್ನು ಮಾತ್ರ ಅವರು ಗ್ಯಾರೇಜಿನವನಿಗೆ ವಹಿಸಿದರು. ಕೂಲಿಯ ಬದಲಿಗೆ ಗ್ಯಾರೇಜಿನವನ ನೆಂಟರಿಷ್ಟರ ಗಡಿಯಾರಗಳೆಲ್ಲ ಒಂದೇ ತಾಳದಲ್ಲಿ ಓಡತೊಡಗಿದವು. ಕಾಸು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆ ಭದ್ರವಾಗಿತ್ತು.

ತೊಡಕು ಬಂದದ್ದು ಆಮೇಲೆ. ಓಡುವ ಜೀಪಿಗೆ ಮೇಲೊಂದು ಹೊದಿಕೆ ಬೇಕು. ಅಂಗಡಿಯವನು ಹೇಳಿದ ಬೆಲೆ ಕೇಳಿ ಗಡಿಯಾರಪ್ಪನವರು ಮನೆಗೆ ಬಂದು ಕಿಟಕಿಯ ಕಡೆಗೆ ನೋಡುತ್ತ ಕೂತರು. ಕಿಟಕಿಯಲ್ಲಿ ಹಳದಿ ಹೂಗಳ ಪರದೆ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ದುಡ್ಡು ಮುಟ್ಟುವುದಿಲ್ಲ ಎಂದಿದ್ದರೇ ಹೊರತು ಪರದೆ ಮುಟ್ಟುವುದಿಲ್ಲ ಎಂದಿರಲಿಲ್ಲವಷ್ಟೆ!

ಪರದೆ ಹೋಯಿತು. ಪರದೆಯ ಹಿಂದೆಯೇ ಬೆತ್ತದ ಕುರ್ಚಿಗಳು ಕಾಲು ಕತ್ತರಿಸಿಕೊಂಡು ಮುಂದಿನ ಆಸನಗಳಾದವು. ಅವುಗಳ ಕಾಲಡಿಗೆ ಕಾಲೊರಸು. ಹಿಂದಿನದನ್ನು ನೋಡಲು ನಿಲುವುಗನ್ನಡಿ. ಅದು ಎಷ್ಟು ದೊಡ್ಡದೆಂದರೆ ಓಡಿಸುವವರಿಗೆ ಮುಂದಿನ ರಸ್ತೆಗಿಂತ ಹಿಂದಿನ ರಸ್ತೆಯೇ ಹೆಚ್ಚು ಕಾಣುತ್ತಿತ್ತು. ಜೀಪಿನ ಬಾಗಿಲಿಗೆ ಬಚ್ಚಲಮನೆಯ ಚಿಲಕ. ಅಂದಿನಿಂದ ಬಚ್ಚಲಿಗೆ ಹೋದವರು ಒಳಗಿದ್ದೇವೆಂದು ತಿಳಿಸಲು ಗಟ್ಟಿಯಾಗಿ ಹಾಡುತ್ತಿರಬೇಕಾಯಿತು. ವೇಗ ತೋರಿಸುವ ಮೀಟರು ಇದ್ದ ಜಾಗದಲ್ಲಿ ಬರೀ ತೂತಿತ್ತು. ಗೋಡೆಗಡಿಯಾರ ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ತಿಳಿಯದಿದ್ದರೂ ಎಷ್ಟು ತಡವಾಗಿದೆಯೆಂದು ತಿಳಿದರೆ ಸಾಕಲ್ಲವೆ? ಕೊನೆಗೆ ಹಾರ್ನಿಲ್ಲದೆ ರಸ್ತೆಗಿಳಿಯಬಾರದು ಎಂಬ ನಿಯಮ ನೆನಪಾಗಿ ಕರೆಗಂಟೆಯೂ ಬಾಗಿಲು ಬಿಟ್ಟಿತು.

ಮನೆಯಾಕೆ ಜಗಳವಾಡಲಿಲ್ಲ. ಅದೇ ಗಡಿಯಾರಪ್ಪನವರಿಗೆ ದಿಗಿಲು. ಆಕೆ ಬರಿದಾದ ಕಿಟಕಿಯ ಮುಂದೆ ನೆಲದ ಮೇಲೆ ಕೂತು ಅಕ್ಕನೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದು ಅವರ ಕಿವಿಗೆ ಬೀಳುತ್ತಿತ್ತು. ಪರದೆ ಹೇಗಿದೆ ಎಂದು ಅಕ್ಕ ಕೇಳಿರಬೇಕು. “ಚೆನ್ನಾಗಿದೆ ಅಕ್ಕ. ಒಳ್ಳೇ ಗಾಳಿ ಆಡುತ್ತೆ ಅದಕ್ಕೆ,” ಎಂದು ಈಕೆ. ಕುರ್ಚಿ? “ಇವರು ಅದರಲ್ಲೇ ಕೂತಿರ್ತಾರೆ ಅಕ್ಕ, ಏಳೋದೇ ಇಲ್ಲ.” ಫೋನಿಟ್ಟ ಮೇಲೆ ಆಕೆ ಗಂಡನ ಕಡೆ ತಿರುಗಿದರು.

“ರೀ, ಅಲ್ಲಿಗೆ ಹೋಗ್ಬೇಕು ಅನ್ನೋ ಆಸೆ ಒಂದು ಕಡೆ. ಇವನ್ನೆಲ್ಲ ಅಕ್ಕ ನೋಡಿದ್ರೆ ಏನಂದ್ಕೊಳ್ತಾಳೆ ಅನ್ನೋದು ಇನ್ನೊಂದು ಕಡೆ. ಕಳಿಸಿದ್ದನ್ನೆಲ್ಲ ಹೀಗೆ ಮಾಡ್ಕೊಂಡ್ರು ಅಂತ ಅವಳು ಮನಸ್ಸಿಗೆ ಹಚ್ಕೊಂಡ್ರೆ ನಾನು ಮತ್ತೆ ಯಾವ ಮುಖ ಇಟ್ಕೊಂಡು ಮಾತಾಡ್ಲಿ?”

ಆ ಪ್ರಶ್ನೆಗೆ ಸರಿಹೋಗುವ ಸ್ಪ್ಯಾನರು ಗಡಿಯಾರಪ್ಪನವರ ಪೆಟ್ಟಿಗೆಯಲ್ಲಿರಲಿಲ್ಲ. ಪರದೆ ಬಿಚ್ಚಿ ವಾಪಸು ಕಟ್ಟಲೇ ಎಂದರು. ಅದರಲ್ಲಿ ಈಗ ಹಗ್ಗ ಕಟ್ಟುವ ತೂತುಗಳಿದ್ದವು. ಕುರ್ಚಿಯ ಕಾಲುಗಳಂತೂ ಆಗಲೇ ಒಲೆ ಸೇರಿದ್ದವು.

ಕೊನೆಗೂ ಒಂದು ಭಾನುವಾರ ಹೊರಟರು. ಜೀಪು ಬೀದಿಯ ತಿರುವಿನಲ್ಲಿ ಡಿಂಗ್-ಡಾಂಗ್ ಎಂದಾಗ ಎರಡೂ ಬದಿಯ ಮನೆಗಳವರು ಬಾಗಿಲು ತೆರೆದು ಯಾರು ಬಂದರೆಂದು ಇಣುಕಿದರು. ಮತ್ತೆ ಒತ್ತಿದರೆ ಮುಂದಿನ ಬೀದಿಯವರೂ ತೆರೆದರು. ಊರು ದಾಟುವಷ್ಟರಲ್ಲಿ ಅವರು ಇಡೀ ಊರಿಗೆ ಮುಖ ತೋರಿಸಿದ್ದಾಯಿತು.

ಗುಡ್ಡದ ಬುಡದವರೆಗೆ ಎಲ್ಲವೂ ಸುಸೂತ್ರ. ಮೊದಲನೆಯ ಕಡಿದಾದ ತಿರುವಿನಲ್ಲಿ ಗಡಿಯಾರಪ್ಪನವರು ಗೇರನ್ನು ಗಡಿಯಾರಕ್ಕೆ ಕೀಲಿ ಕೊಡುವಷ್ಟು ನಾಜೂಕಾಗಿ ತಿರುಗಿಸಿದರು. ಜೀಪು ಆ ನಾಜೂಕಿಗೆ ಒಗ್ಗಲಿಲ್ಲ. ನಿಂತಿತು. ನಿಂತದ್ದು ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ನಿಲುವುಗನ್ನಡಿಯ ತುಂಬ ಹಿಂದಿನ ಕಣಿವೆ ವಿಶಾಲವಾಗಿ, ಸುಂದರವಾಗಿ ಕಾಣಿಸಿತು. ಗಡಿಯಾರಪ್ಪನವರು ಎರಡೂ ಕಾಲಿನಿಂದ ಬ್ರೇಕು ಒತ್ತಿ ಹಿಡಿದರು. ಮನೆಯಾಕೆ ಇಳಿದು ಚಕ್ರದ ಹಿಂದೆ ಒಂದು ದಪ್ಪ ಕಲ್ಲಿಟ್ಟು, ಬಚ್ಚಲ ಚಿಲಕ ತೆಗೆದು, “ಸ್ವಲ್ಪ ಆ ಕಡೆ ಜರುಗಿ,” ಎಂದರು.

ಗಡಿಯಾರಪ್ಪನವರು ಜರುಗಿದರು. ಆಕೆ ಸೆರಗು ಸಿಕ್ಕಿಸಿಕೊಂಡು ಕೂತು, ಗಂಡ ಈವರೆಗೆ ಅಲಂಕಾರಕ್ಕೆಂದು ತಿಳಿದಿದ್ದ ಗಿಡ್ಡ ಲಿವರೊಂದನ್ನು ಹಿಂದಕ್ಕೆಳೆದು, ಗೇರು ಹಾಕಿ, ಕಾಲೊತ್ತಿದರು. ನಾಲ್ಕೂ ಚಕ್ರಗಳು ಮಣ್ಣು ಕಚ್ಚಿದವು. ಜೀಪು ಮೇಕೆಯ ಹಾಗೆ ಹತ್ತತೊಡಗಿತು. ಮದುವೆಗೆ ಮುಂಚೆ ಒಂದು ವರ್ಷ ಗುಡ್ಡದ ಮೇಲೆ ಅಕ್ಕನ ಜೊತೆಗಿದ್ದಾಗ, ಆಗ ಕೇಂದ್ರದಲ್ಲಿದ್ದ, ಈಗ ಗುಜರಿ ಸೇರಿರುವ ಹಳೇ ಜೀಪಿನಲ್ಲಿ ಅಕ್ಕ ಕಲಿಸಿಕೊಟ್ಟದ್ದಂತೆ. ಲೈಸೆನ್ಸು ಪೆಟ್ಟಿಗೆಯ ತಳದಲ್ಲೇ ಇದೆಯಂತೆ, ಕಾಲಕಾಲಕ್ಕೆ ನವೀಕರಿಸಿಕೊಂಡು.

“ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದರು ಗಡಿಯಾರಪ್ಪನವರು.

“ಹೇಳಿದ್ದಿದ್ರೆ ನೀವು ಇಷ್ಟು ಆಸೆಯಿಂದ ರಿಪೇರಿ ಮಾಡ್ತಿದ್ರಾ?” ಎಂದರು ಆಕೆ, ಕಣ್ಣು ರಸ್ತೆಯಿಂದ ತೆಗೆಯದೆ.

ನೆತ್ತಿಯ ಮೇಲೆ ಕೇಂದ್ರದ ಮುಂದೆ ಜೀಪು ನಿಂತಾಗ ಗಡಿಯಾರಪ್ಪನವರಿಗೆ ಇಳಿಯುವ ಧೈರ್ಯ ಬರಲಿಲ್ಲ. ಹೆಂಡತಿ ಕರೆಗಂಟೆ ಒತ್ತಿದರು. ಡಿಂಗ್-ಡಾಂಗ್. ಒಳಗಿನಿಂದ, “ಬಂದೆ, ಬಂದೆ, ಯಾರು?” ಎನ್ನುತ್ತ ಅಕ್ಕ ಕೋಲೂರಿಕೊಂಡು ಬಾಗಿಲಿಗೆ ಬಂದರು. ತಮ್ಮ ಬಾಗಿಲಿಗೆ ಗಂಟೆಯೇ ಇಲ್ಲವೆಂಬುದು ಅವರಿಗೆ ಆಮೇಲೆ ನೆನಪಾಗಿರಬೇಕು.

ತಂಗಿ ಓಡಿ ಹೋಗಿ ಅಪ್ಪಿಕೊಂಡರು. ಎರಡು ವರ್ಷದ ಮಾತು ಒಂದೇ ಉಸಿರಿನಲ್ಲಿ ಆಗುವಂಥದ್ದಲ್ಲ. ಇಬ್ಬರೂ ಸುಮ್ಮನೆ ಕಣ್ಣೊರೆಸಿಕೊಂಡರು. ಆಮೇಲೆ ಅಕ್ಕನ ನೋಟ ತಂಗಿಯ ಹೆಗಲ ಮೇಲಿಂದ ಜೀಪಿನ ಕಡೆ ಹರಿಯಿತು. ತಂಗಿಯ ಮುಖ ಬಾಡಿತು. ಗಡಿಯಾರಪ್ಪನವರು ಗಡಿಯಾರ ನೋಡುವ ನೆಪದಲ್ಲಿ ತಲೆ ತಗ್ಗಿಸಿದರು.

ಅಕ್ಕ ಕೋಲೂರುತ್ತ ಜೀಪನ್ನು ಒಂದು ಸುತ್ತು ಬಂದರು. ಹಳದಿ ಹೂಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. ನಿಲುವುಗನ್ನಡಿಯಲ್ಲಿ ಹಣೆಯ ಮೇಲಿನ ಕೂದಲು ಸರಿಪಡಿಸಿಕೊಂಡರು. ‘ಸುಸ್ವಾಗತ’ದ ಮೇಲೆ ಎರಡೂ ಚಪ್ಪಲಿಗಳನ್ನು ಚೆನ್ನಾಗಿ ಒರೆಸಿ, ಬೆತ್ತದ ಕುರ್ಚಿಯಲ್ಲಿ ಹುಷಾರಾಗಿ ಕೂತು, ಗಂಟೆ ಎಷ್ಟೆಂದು ನೋಡಿ, ಚಿಲಕ ಹಾಕಿಕೊಂಡರು.

“ಪುಟ್ಟೀ, ನಿನ್ನ ಮನೆ ನೋಡೋಕೆ ಬರೋಕಾಗ್ಲಿಲ್ಲ ಅಂತ ಎಷ್ಟು ಕೊರಗಿದೆ ಗೊತ್ತಾ? ಅದಕ್ಕೆ ಮನೇನೇ ಮೇಲಕ್ಕೆ ತಂದುಬಿಟ್ರಲ್ಲ ನಿನ್ನ ಗಂಡ,” ಎಂದರು. ಆಮೇಲೆ ನಗು ತಡೆಯಲಾಗದೆ ಕೋಲನ್ನು ಗಡಿಯಾರಪ್ಪನವರ ಕೈಗೆ ಕೊಟ್ಟರು. “ಇನ್ನು ಗೋಡೆ ಒಂದು ಉಳಿದಿದೆ. ನಡಿ, ಹೋಗಿ ಅದನ್ನೂ ನೋಡ್ಕೊಂಡು ಬರೋಣ.”

ಹೊರಡುವಾಗಲೇ ಗಡಿಯಾರಪ್ಪನವರಿಗೆ ತಮ್ಮ ಯೋಜನೆಯ ಒಂದು ಲೋಪ ಅರಿವಾದದ್ದು. ಕುರ್ಚಿಗಳು ಎರಡೇ ಇದ್ದವು. ಒಂದರಲ್ಲಿ ಓಡಿಸುವ ತಂಗಿ, ಇನ್ನೊಂದರಲ್ಲಿ ಮಂಡಿನೋವಿನ ಅಕ್ಕ. ಹೆಂಡತಿ ಅವರಿಗೆ ಕಾಲೊರಸನ್ನು ಹಿಂದೆ ಹಾಸಿಕೊಟ್ಟರು.

ಈಗಲೂ ಹಾಗೆಯೇ. ಜೀಪು ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ ಅಕ್ಕನನ್ನು ಕರೆತರುತ್ತದೆ, ಸಂಜೆ ಬಿಟ್ಟುಬರುತ್ತದೆ. ಅದರ ಡಿಂಗ್-ಡಾಂಗಿಗೆ ಊರು ಈಗ ಬಾಗಿಲು ತೆರೆಯುವುದಿಲ್ಲ. ನಿಜವಾದ ನೆಂಟರು ಬಂದು ಗಂಟೆ ಒತ್ತಿದರೂ ತೆರೆಯುವುದಿಲ್ಲ. ಮುಂದೆ ಅಕ್ಕತಂಗಿಯರು ಮಾತಿನಲ್ಲಿ ಮುಳುಗಿರುತ್ತಾರೆ. ಹಿಂದೆ, ‘ಸುಸ್ವಾಗತ’ದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಹಾರಿಹೋಗದಂತೆ ಪರದೆಯ ಎರಡು ತುದಿಗಳನ್ನು ಹಿಡಿದು ಗಡಿಯಾರಪ್ಪನವರು ಕೂತಿರುತ್ತಾರೆ. ಊರಿಗೆಲ್ಲ ಕಾಲ ತೋರಿಸುವ ಅವರು ಆಗಾಗ ಕತ್ತು ಚಾಚಿ, ಗಂಟೆ ಎಷ್ಟಾಯಿತು ಎಂದು ಕೇಳುತ್ತಾರೆ.

“ಅದನ್ನ ನಾವು ನೋಡ್ಕೊಳ್ತೀವಿ,” ಎನ್ನುತ್ತದೆ ಮುಂದಿನ ಕುರ್ಚಿ. “ನೀವು ಪರದೆ ಬಿಡ್ಬೇಡಿ.”