ದೊರೆ ಬಂಗಲೆಯ ಕೊಕ್ಕೆ

ಹಳೆಯ ಮನೆಗಳ ಚರಿತ್ರೆಯನ್ನು ಪೂರ್ತಿ ನಂಬಬಾರದು. ಅದನ್ನು ಹೇಳುವವರು ನನ್ನಂಥವರೇ ಆಗಿರುತ್ತಾರೆ.

ಯಳಂದೂರಿನ ಮೇಲಿನ ಬೆಟ್ಟದ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರು. ತೋಟ ಎಬ್ಬಿಸಿದ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೋದ ಮೇಲೆ ಅವನ ಬಂಗಲೆ ಕಾಯಲು ಗಂಡ ಹೆಂಡತಿ ನಮ್ಮಿಬ್ಬರನ್ನು ಅಲ್ಲೇ ಇರಿಸಿದರು. ಕಲ್ಲಿನ ಗೋಡೆ, ಸುತ್ತ ಜಗಲಿ, ಕತ್ತೆತ್ತಿ ನೋಡಬೇಕಾದ ಸೂರು. ಅಡುಗೆಮನೆ ಮಾತ್ರ ಹಿತ್ತಿಲಿನಾಚೆ. ಮಳೆ ಬಂದರೆ ಸಾರು ನಡುಮನೆ ಸೇರುವಷ್ಟರಲ್ಲಿ ತಿಳಿಸಾರಾಗುತ್ತಿತ್ತು. ನಡುಮನೆಯ ಗೋಡೆಯಲ್ಲಿ ದೊರೆ ಚಳಿ ಕಾಯಿಸುತ್ತಿದ್ದ ದೊಡ್ಡ ಬೆಂಕಿಗೂಡು, ಅದರ ಮೇಲೆ ಹೊಗೆ ಹೋಗುವ ಕೊಳವೆ. ಕಾಮಗೆರೆಯಿಂದ ಬಂದ ನನ್ನ ಹೆಂಡತಿ ಪುಟ್ಟತಾಯಿ ಅದನ್ನು ನೋಡಿ, "ಒಲೆ ಇಲ್ಲೇ ಅದಲ್ಲಾ!" ಎಂದಳು.

"ಒಲೆ ಅಲ್ಲ ಕಣೇ. ದೊರೆ ಬರೀ ಬೆಂಕಿ ಮುಂದೆ ಕೂತಿರ್ತಿದ್ರು."

"ಇಷ್ಟು ಸೌದೆ ಉರ್ಸಿ ಏನೂ ಬೇಯಿಸ್ದೆ ಕುಂತಿದ್ನಾ? ಅಷ್ಟು ದಡ್ಡ ಆಗಿದ್ರೆ ನಮ್ಮನ್ನ ಎಂಗೆ ಆಳ್ತಿದ್ದ?"

ಅವಳು ಕಮ್ಮಾರನಿಂದ ಕಬ್ಬಿಣದ ಕೊಕ್ಕೆ ಮಾಡಿಸಿ ಗೂಡಿನೊಳಗೆ ಹೊಡೆಸಿ, ಸಾರಿನ ಪಾತ್ರೆ ತೂಗುಹಾಕಿದಳು. ಗೂಡಿನ ಮೇಲಿನ ಕಲ್ಲು ಚಪ್ಪಡಿಯಲ್ಲಿ ಬೆಳ್ಳುಳ್ಳಿ ಜಜ್ಜಿ ಜಜ್ಜಿ ಗುಳಿ ಬಿತ್ತು. ದೊರೆಯ ಮೆತ್ತೆ ಕುರ್ಚಿಗಳೆಲ್ಲ ಹುರುಳಿಸಾರು ನಾರತೊಡಗಿದವು.

ಕಳೆದ ಶಿವರಾತ್ರಿಗೆ ಮುಂಚೆ ಅವಳು ತೀರಿಹೋದಳು. ಕೊಕ್ಕೆ ಉಳಿಯಿತು.

ತೋಟ ಕೊಂಡ ಕೊಳ್ಳೇಗಾಲದ ರೇಷ್ಮೆ ಸಾಹುಕಾರರು ಬಂಗಲೆ ನೋಡಲು ಬಂದರು. "ರೈಟ್ರೇ, ಇದೇನ್ರೀ ತುಕ್ಕು? ಕಿತ್ತಾಕ್ಸಿ, ಸುಣ್ಣ ಒಡೆಸಿ" ಎಂದರು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಸಾ, ಅದು ದೊರೆ ಆಕಿಸಿದ್ದು. ಬೇಟೆಯಿಂದ ಬಂದು ಬಂದೂಕ ತೂಗಾಕ್ತಿದ್ರು."

"ಬೆಂಕಿ ಮೇಲಾ?"

"ಮದ್ದು ಒಣಗ್ಲಿ ಅಂತ ಸಾ."

ಸಾಹುಕಾರರು ಕೊಕ್ಕೆಯಿಂದ ಕೈ ತೆಗೆದರು. "ಸುಮ್ನೆ ಆಳಿದ್ರಾ ಮತ್ತೆ ಅವ್ರು!" ಎಂದು ತಲೆದೂಗಿದರು.

ಈಗ ಅವರು ನೆಂಟರನ್ನೆಲ್ಲ ಕರೆತಂದು ಕೊಕ್ಕೆ ತೋರಿಸುತ್ತಾರೆ. ಚಪ್ಪಡಿಯ ಗುಳಿ ದೊರೆ ಹೊಗೆ ಸೇದುವ ಚುಂಗಾಣಿ ಕುಟ್ಟಿ ಕುಟ್ಟಿ ಬಿದ್ದದ್ದಂತೆ. ಇದು ನಾನು ಹೇಳಿದ್ದಲ್ಲ, ಅವರದೇ ಸಂಶೋಧನೆ. ಮೊನ್ನೆ ಒಬ್ಬ ಹೆಂಗಸು ಮೂಗರಳಿಸಿ, "ಬೆಳ್ಳುಳ್ಳಿ ವಾಸ್ನೆ ಕಣಣ್ಣೋ" ಎಂದಳು. "ಅದು ಬಂದೂಕಿನ ಮದ್ದು ಕಣವ್ವ" ಎಂದು ಸಾಹುಕಾರರೇ ಕಾಪಾಡಿದರು. ಕೊಳ್ಳೇಗಾಲದ ತಮ್ಮ ಮನೆಗೂ ಅಂಥದೇ ಕೊಕ್ಕೆ ಹಾಕಿಸಿದ್ದಾರೆ.

ನನ್ನ ಊಟ ಈಗ ತೋಟದ ಮೇಸ್ತ್ರಿಯ ಮನೆಯಿಂದ ಬರುತ್ತದೆ. ಆದರೂ ಸಂಜೆಯಾದರೆ ಗೂಡಿಗೆ ಬೆಂಕಿ ಹಾಕಿ, ಖಾಲಿ ಕೊಕ್ಕೆ ನೋಡುತ್ತ ಕೂರುತ್ತೇನೆ. ದೊರೆಯಂತೆಯೇ ಅಷ್ಟೊಂದು ಸೌದೆ ಉರಿಸಿ, ಏನೂ ಬೇಯಿಸದೆ. ಪುಟ್ಟತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗಿದೆ. ಹೇಳೋಣವೆಂದರೆ, ದಡ್ಡ ಎನ್ನಲು ಅವಳಿಲ್ಲ.