ಕಮಿಟ್ ಆಗದ ಅಟ್ಟ

ಯಾವ ಕೆಲಸವನ್ನೂ ಅರ್ಧಕ್ಕೆ ನಿಲ್ಲಿಸಬಾರದು ಎಂದು ನಾನು ಕಾಲೇಜಿನಲ್ಲಿ ಹುಡುಗರಿಗೆ ಪಾಠ ಮಾಡುತ್ತೇನೆ. ಕಂಪ್ಯೂಟರ್ ಮೇಷ್ಟ್ರಾದ ನನಗೆ ಇದನ್ನು ಹೇಳಲಿಕ್ಕೆ ಒಂದು ಇಡೀ ಅಧ್ಯಾಯವೇ ಇದೆ, ಟ್ರಾನ್ಸಾಕ್ಷನ್ ಅಂತ ಅದರ ಹೆಸರು. ಒಟ್ಟಿಗೆ ಆಗಬೇಕಾದ ಕೆಲಸಗಳನ್ನೆಲ್ಲ ಒಂದು ಗಂಟು ಕಟ್ಟಬೇಕು. ಎಲ್ಲ ಸರಿಯಾಗಿ ಮುಗಿದರೆ ಕಮಿಟ್, ಅಂದರೆ ಆದದ್ದು ಆಯಿತು ಎಂದು ಮೊಹರು ಒತ್ತಿದಂತೆ. ನಡುವೆ ಏನಾದರೂ ಕೆಟ್ಟರೆ ರೋಲ್‌ಬ್ಯಾಕ್, ಏನೂ ಆಗಲೇ ಇಲ್ಲ ಎಂದುಕೊಂಡು ಮೊದಲಿದ್ದಲ್ಲಿಗೆ ವಾಪಸ್. ಹಲಗೆಯ ಮೇಲೆ ಇದನ್ನು ಬರೆಯುವಾಗ ನನ್ನ ಮುಖದಲ್ಲಿ ಎಂಥದೋ ಕಳೆ ಬರುತ್ತದಂತೆ. ಮನೆಯ ಹೊಸಿಲು ದಾಟಿದ ಮೇಲೆ ಆ ಕಳೆ ಇರುವುದಿಲ್ಲ. ಅರ್ಧ ಬಳಿದ ಬಚ್ಚಲುಮನೆ ಗೋಡೆ, ಅರ್ಧ ಕುಡಿದು ಎಲ್ಲೋ ಇಟ್ಟು ಮರೆತ ಕಾಫಿ ಲೋಟ, ಅರ್ಧ ಕೇಳಿಸಿಕೊಂಡ ಹೆಂಡತಿಯ ಮಾತು, ಇವೇ ನನ್ನ ಆಸ್ತಿ. ಈ ವರ್ಷ ಅವುಗಳ ಜೊತೆಗೆ ನಮ್ಮ ಅಟ್ಟವೂ ಅರ್ಧಕ್ಕೆ ನಿಂತಿತು, ಅಣ್ಣನೂ ನಿಂತುಬಿಟ್ಟ.

ನಮ್ಮದು ತೆಂಗಿನ ಸೀಮೆ, ಹಾಲ್ಕುರಿಕೆ ಕಡೆಯ ಊರು. ಅಪ್ಪ ಇದ್ದಾಗಲೇ ಮನೆಯ ನಡುವೆ ಗೋಡೆ ಎದ್ದು ಅಣ್ಣನಿಗೆ ಅರ್ಧ, ನನಗೆ ಅರ್ಧ ಆಯಿತು. ಆದರೆ ಗೋಡೆ ಅಟ್ಟದವರೆಗೆ ಹೋಗಲಿಲ್ಲ. ಗಾಳಿ ಆಡದಿದ್ದರೆ ಕೊಬ್ಬರಿ ಕೆಡುತ್ತದೆ ಎಂದು ಅಪ್ಪ ಅಟ್ಟವನ್ನು ಇಬ್ಬರಿಗೂ ಸೇರಿ ಒಂದಾಗಿಯೇ ಉಳಿಸಿದ. ತೋಟದಿಂದ ಕಿತ್ತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡಬೇಕು. ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಒಣ ಉಂಡೆಯಾಗಿ, ಅಂದರೆ ಗಿಟುಕಾದಾಗ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ನೀರಿರುವಾಗಲೇ ಅವಸರಪಟ್ಟು ಸುಲಿದರೆ ವರ್ಷದ ಬೆಳೆ ಬೂಸಲು ಹಿಡಿದು ಹಾಳು. ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ ಆಗಿದೆ, ಆಗಿಲ್ಲ ಎಂದು ಹೇಳುವುದರಲ್ಲಿ ನಮ್ಮ ಅಣ್ಣ ರುದ್ರಣ್ಣನ ಕಿವಿಗೆ ಸುತ್ತಲ ಊರುಗಳಲ್ಲಿ ಹೆಸರು. ಸುಲಿಯುವ ಆಳುಗಳಿಗೆ ಹೇಳುವ ಮೊದಲು ಜನ ಅವನನ್ನು ಕರೆದುಕೊಂಡು ಹೋಗಿ ಅಟ್ಟ ಹತ್ತಿಸುತ್ತಿದ್ದರು. ಅವನು ಹೆಚ್ಚು ಮಾತಿನವನಲ್ಲ. ಅವನ ಮರ್ಯಾದೆಯೆಲ್ಲ ಆ ಎರಡು ಮಾತುಗಳಲ್ಲೇ ಇತ್ತು.

ಸುಮ್ಮನಿರಲಾರದೆ ನಾನು ಹೋದ ವರ್ಷ ಈ ಅಟ್ಟಕ್ಕೊಂದು ಪ್ರೋಗ್ರಾಮ್ ಬರೆದೆ. ದೊಡ್ಡ ಕಂಪನಿಗಳಿಗಿದ್ದಂತೆ ಬೇರೆ ಯಂತ್ರ, ಅದನ್ನು ಕಾಯುವ ಜನ ಏನೂ ಬೇಡದ, ಪ್ರೋಗ್ರಾಮಿನ ಹೊಟ್ಟೆಯೊಳಗೇ ಅಡಗಿ ಕೂರುವ ಸಣ್ಣ ಡೇಟಾಬೇಸ್ ಅದು, ಇಡೀ ಅಟ್ಟ ಒಂದೇ ಫೈಲಿನಲ್ಲಿ. ಯಾವ ಗುಡ್ಡೆ ಯಾವ ತೋಟದ್ದು, ಯಾವಾಗ ಹತ್ತಿಸಿದ್ದು, ಆಗಿದೆಯೋ ಇಲ್ಲವೋ, ಕೇಳಿದ ತಕ್ಷಣ ಹೇಳುತ್ತದೆ. ಅಣ್ಣನನ್ನು ಪಕ್ಕದಲ್ಲೇ ಕೂರಿಸಿಕೊಂಡು ತರಗತಿಯ ಗಟ್ಟಿ ದನಿಯಲ್ಲಿ ವಿವರಿಸಿದೆ. ಅಂಗಳದ ಲೆಕ್ಕದಿಂದ ಕಾಯಿ ಕಳೆದು ಅಟ್ಟದ ಲೆಕ್ಕಕ್ಕೆ ಸೇರಿಸುವ ಹೊತ್ತಿಗೆ ಕರೆಂಟ್ ಹೋಯಿತು ಅಂತಿಟ್ಟುಕೋ, ಆಗ ಕಾಯಿ ಅಂಗಳದಲ್ಲೂ ಇಲ್ಲ, ಅಟ್ಟದಲ್ಲೂ ಇಲ್ಲ, ಅದಕ್ಕೇ ಟ್ರಾನ್ಸಾಕ್ಷನ್ ಬೇಕು ಎಂದೆ. ಅವನು ಬಹಳ ಹೊತ್ತು ಯೋಚಿಸಿ, "ಕರೆಂಟ್ ಹೋದ್ರೆ ಕಾಯಿ ಎಲ್ಲೋಯ್ತವೆ? ಬಿದ್ದ ಕಡೆನೇ ಬಿದ್ದಿರ್ತವೆ ಕಣ್ಲಾ" ಎಂದ. ನನ್ನ ಹೆಂಡತಿ ಗಿರಿಜ ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಕೋಪ ಬಂತು, ತೋರಿಸಲಿಲ್ಲ. ನನ್ನ ಕೋಪಕ್ಕೆ ಹೊತ್ತುಗೊತ್ತು ತಿಳಿಯುವುದಿಲ್ಲ. ತೋರಿಸಬೇಕಾದ ಕಡೆ ಮುದುರಿಕೊಂಡಿದ್ದು, ಬೇಡದ ಕಡೆ ಎದ್ದು ನಿಲ್ಲುತ್ತದೆ.

ಅದು ಎದ್ದು ನಿಂತ ದಿನ ಸುಲಿಯುವ ಆಳುಗಳು ಬಂದು ಅಂಗಳದಲ್ಲಿ ಕೂತಿದ್ದರು. ಅಣ್ಣ ಮೇಲೆ ಅಟ್ಟದಲ್ಲಿ ಗುಡ್ಡೆ ಗುಡ್ಡೆಗೂ ಕಾಯಿ ಎತ್ತಿ ಅಲ್ಲಾಡಿಸಿ ಕೂಗುತ್ತಿದ್ದ, ನಾನು ಕೆಳಗೆ ಲ್ಯಾಪ್‌ಟಾಪ್ ಹಿಡಿದು ದಾಖಲಿಸುತ್ತಿದ್ದೆ. ಆದರೆ ಇಡೀ ಅಟ್ಟ, ಆಗದಿದ್ದರೆ ಏನೂ ಇಲ್ಲ ಎಂಬ ಮೇಷ್ಟ್ರ ಹಟದಲ್ಲಿ ಅಷ್ಟನ್ನೂ ಒಂದೇ ಟ್ರಾನ್ಸಾಕ್ಷನ್ನಿಗೆ ಕಟ್ಟಿದ್ದೆ. ಅರ್ಧ ಅಟ್ಟ ಮುಗಿದಿರಬೇಕು, ಆಗಿದೆ ಎಂದು ಅಣ್ಣ ಕೆಳಗಿಳಿಸಿದ ಕಾಯೊಂದನ್ನು ಗಿರಿಜ ಸುಮ್ಮನೆ ಅಲ್ಲಾಡಿಸಿ ನೋಡಿದಳು. ಒಳಗೆ ನೀರು ಗುಳುಗುಳು ಎಂದಿತು. ಮುಂದಿನ ಗುಡ್ಡೆಯದೂ ಹಾಗೇ. ಅಣ್ಣ, ಇದರಲ್ಲಿ ಇನ್ನೂ ನೀರಿದೆಯಲ್ಲ ಎಂದು ನಾನು ಮೆತ್ತಗೇ ಹೇಳಿದೆ. ಅವನು ಉತ್ತರ ಕೊಡದೆ ಇನ್ನೊಂದು ಗುಡ್ಡೆಗೂ ಆಗಿದೆ ಎಂದ. ಮತ್ತೊಮ್ಮೆ ಹೇಳಿದೆ. ಮೇಷ್ಟ್ರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಅನ್ನಿಸಿ ನನ್ನ ಮೈ ಉರಿಯಿತು. ಮೂರನೆಯ ಸಲ ಬೀದಿಗೆಲ್ಲ ಕೇಳುವಂತೆ ಕಿರುಚಿದೆ: "ಅಣ್ಣ, ನಿನ್ನ ಕಿವಿ ಸತ್ತೋಗಿದೆ, ಸಾಕು ಇಳಿದು ಬಾ!"

ಅವನು ಕೈಲಿದ್ದ ಕಾಯಿಯನ್ನು ಗುಡ್ಡೆಯ ಮೇಲೆ ಇಟ್ಟ. ಏಣಿ ಇಳಿದ. ಪಂಚೆಗೆ ಹತ್ತಿದ ಮಟ್ಟೆಯ ಧೂಳನ್ನು ನಿಧಾನವಾಗಿ ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ, ತನ್ನ ಮನೆಗೆ ಹೋದ. ಆಳುಗಳು ಒಬ್ಬರನ್ನೊಬ್ಬರು ನೋಡಿಕೊಂಡು ಎಲೆಅಡಿಕೆ ತೆಗೆದರು. ಅವನು ನನ್ನನ್ನು ಲೆಕ್ಕಿಸದೆ ಸುಮ್ಮನಿದ್ದದ್ದಲ್ಲ, ಮೊದಲೆರಡು ಸಲ ಅವನಿಗೆ ನಿಜಕ್ಕೂ ಕೇಳಿಸಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

ಲ್ಯಾಪ್‌ಟಾಪಿನಲ್ಲಿ ಟ್ರಾನ್ಸಾಕ್ಷನ್ ತೆರೆದೇ ಇತ್ತು. ಕಮಿಟ್ ಒತ್ತಿದರೆ ಅಣ್ಣನ ತಪ್ಪುಗಳು ನನ್ನ ಕೈಯಾರೆ ಶಾಶ್ವತವಾಗುತ್ತವೆ. ರೋಲ್‌ಬ್ಯಾಕ್ ಒತ್ತಿದರೆ ಅವನು ಸರಿಯಾಗಿ ಹೇಳಿದ್ದೂ ಅಳಿಸಿಹೋಗುತ್ತದೆ. ತಪ್ಪನ್ನಷ್ಟೇ ತಿದ್ದಿ ಕಮಿಟ್ ಮಾಡಿ ಸಾರ್ ಎಂದು ಕೊನೇ ಬೆಂಚಿನ ಹುಡುಗನೂ ಹೇಳಿಯಾನು. ಆದರೆ ಅಣ್ಣನ ಮಾತನ್ನು ಅವನಿಲ್ಲದಾಗ ತಿದ್ದಲು ನನಗೆ ಕೈ ಬರಲಿಲ್ಲ. ಹಾಗಾಗಿ ಮೂರೂ ಮಾಡದೆ ಮುಚ್ಚಳವನ್ನೂ ಮುಚ್ಚದೆ ಹಾಗೇ ಇಟ್ಟೆ, ಇನ್ವರ್ಟರಿನ ಪ್ಲಗ್ಗಿಗೆ ಸಿಕ್ಕಿಸಿದೆ. ಆಳುಗಳನ್ನು ವಾಪಸ್ ಕಳಿಸಿದೆ. ಇನ್ನು ಅಣ್ಣ ಬರುವವರೆಗೆ ಅಟ್ಟ ಇಳಿಸುವಂತಿರಲಿಲ್ಲ, ಅಟ್ಟ ಇಬ್ಬರದು.

ತೆರೆದಿಟ್ಟ ಟ್ರಾನ್ಸಾಕ್ಷನ್ನಿನ ಸ್ವಭಾವವೇ ವಿಚಿತ್ರ. ಅದರೊಳಗೆ ಬರೆದದ್ದು ಬರೆಯುತ್ತಿರುವವನಿಗೆ ಮಾತ್ರ ಕಾಣುತ್ತದೆ. ನಾನು ಪರದೆಯ ಮೇಲಿನ ಆ ಕಿಟಕಿಯಲ್ಲಿ ಅಟ್ಟದ ಲೆಕ್ಕ ಕೇಳಿದರೆ ಅಣ್ಣ ಹೇಳಿದ್ದೆಲ್ಲ ಸಾಲಾಗಿ ಬರುತ್ತಿತ್ತು. ಅದೇ ಪ್ರೋಗ್ರಾಮನ್ನು ಪಕ್ಕದಲ್ಲಿ ಇನ್ನೊಂದು ಕಿಟಕಿಯಲ್ಲಿ ತೆರೆದು ಕೇಳಿದರೆ ಅಣ್ಣ ಅಟ್ಟ ಹತ್ತಿಯೇ ಇಲ್ಲ. ಅಲ್ಲದೆ ಒಬ್ಬ ಹೀಗೆ ನಡುವೆ ಕೂತುಬಿಟ್ಟರೆ ಬೇರೆ ಯಾರೂ ಫೈಲಿನಲ್ಲಿ ಏನೂ ಬರೆಯುವಂತಿಲ್ಲ, ಬೀಗ. ಗಿರಿಜ ತನ್ನ ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನವನ್ನು ಅದರಲ್ಲೇ ದಾಖಲಿಸುತ್ತಿದ್ದಳು. ಈಗ ಏನು ಬರೆದರೂ ಬೀಗ ಬಿದ್ದಿದೆ ಎನ್ನುತ್ತಿತ್ತು. ಎರಡು ಸಲ ನೋಡಿ, ಇದ್ದಿಲು ತಗೊಂಡು ಕೊಟ್ಟಿಗೆಯ ಗೋಡೆಗೆ ಬರೆದಳು. ಸಂಪಿಗೆ ಎಂಬ ಊರ ಕಡೆಯ ಹೆಣ್ಣು, ಅಷ್ಟಕ್ಕೇ ಬಿಡುವವಳಲ್ಲ. ಪಕ್ಕದ ಮನೆಗೆ ಹೋಗಿ ಒಂದು ಮಾತಾಡೋಕಾಗ್ದೆ ಕಂಪ್ಯೂಟ್ರಿಗೆ ಕಾವಲು ಕೂತವ್ರೆ ಎಂದು ಹಸುವಿಗೆ ಹೇಳಿದಳು, ನನಗೆ ಕೇಳುವಂತೆ.

ನನ್ನ ಮಾತು ಊರು ಸುತ್ತಿ ಬಂದಿತ್ತು. ಅಣ್ಣನನ್ನು ಅಟ್ಟ ಹತ್ತಲು ಕರೆಯುವವರು ಕಡಿಮೆಯಾದರು. ಕರೆದವರಿಗೂ ಅವನು ಮಂಡಿನೋವು ಎನ್ನುತ್ತಿದ್ದನಂತೆ. ಬೆಳಗ್ಗೆ ನಾನು ಬಸ್ಸಿಗೆ ಹೋಗುವಾಗ ಜಗಲಿಯ ಮೇಲೆ ಕೂತಿರುತ್ತಿದ್ದ, ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದ. ನಾನು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡು ದಾಟುತ್ತಿದ್ದೆ. ತರಗತಿಯಲ್ಲಿ ಆ ಅಧ್ಯಾಯ ಬಂದಾಗ ಗಂಟಲು ಕೆಟ್ಟಿದೆ ಎಂದು ಹೇಳಿ ಓದಿಕೊಳ್ಳಲು ಬಿಟ್ಟೆ.

ಕೊನೆಗೆ ತೀರ್ಮಾನ ಮಾಡಿದ್ದು ನಾನಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಲೈನ್‌ಮನ್ ನಾಳೆ ನಾಳೆ ಎನ್ನುವಷ್ಟರಲ್ಲಿ ಇನ್ವರ್ಟರ್ ಸತ್ತಿತು, ಅದರ ಹಿಂದೆಯೇ ಲ್ಯಾಪ್‌ಟಾಪ್. ಕರೆಂಟ್ ಬಂದ ಮೇಲೆ ತೆರೆದು ನೋಡಿದರೆ ಡೇಟಾಬೇಸ್ ಪಾಠದಲ್ಲಿ ಇರುವ ಹಾಗೆಯೇ ನಡೆದುಕೊಂಡಿತ್ತು. ಅರ್ಧ ಆದದ್ದನ್ನೆಲ್ಲ ತಾನೇ ಒರೆಸಿ ಹಾಕಿ ಜಗಳದ ಹಿಂದಿನ ದಿನಕ್ಕೆ ಹೋಗಿ ಕೂತಿತ್ತು. ಬೀಗ ಇಲ್ಲ, ತಪ್ಪು ಇಲ್ಲ, ಅಣ್ಣ ಇಲ್ಲ. ನನಗೆ ಒಂದು ಕ್ಷಣ ಹಗುರಾಯಿತು, ನಿಜ ಹೇಳುತ್ತೇನೆ. ಅದೇ ಧೈರ್ಯದಲ್ಲಿ ಸಂಜೆ ಅವನ ಜಗಲಿಗೆ ಹೋಗಿ ಪಕ್ಕದಲ್ಲಿ ಕೂತೆ. ಎದುರಿನ ಡೇರಿಯ ಮುಂದೆ ಹಾಲು ಹಾಕುವ ಜನ ಕ್ಯಾನು ಹಿಡಿದು ನಿಂತಿದ್ದರು.

ಆವತ್ತು ಬರೆದದ್ದೆಲ್ಲ ಅಳಿಸಿಹೋಗಿದೆ, ಮತ್ತೆ ಮೊದಲಿಂದ ಅಟ್ಟ ನೋಡೋಣ ಬಾ ಎಂದು ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ. ಅವನು ತನ್ನ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡಿದ.

"ಕಿವಿ ಹೋಗಿ ಬಾಳ ದಿನ ಆಯ್ತು ಕಣ್ಲಾ ನಂಜುಂಡ. ಸುಮ್ನೆ ಕಿವಿ ಹತ್ರ ಹಿಡಿತಿದ್ದೆ ಅಷ್ಟೆ. ಅಂಗೈಗೆ ಗೊತ್ತಾಗ್ತಿತ್ತು. ನೀರಾದ್ರೆ ಒಂಥರಾ, ಗಿಟುಕಾದ್ರೆ ಒಂಥರಾ. ಈಗ ಸಕ್ಕರೆ ಕಾಯ್ಲೆ ಬಂದು ಕೈನೂ ಮರಗಟ್ಟೈತೆ. ಏನೋ ಅಲ್ಲಾಡ್ತೈತೆ ಅಂತ ಗೊತ್ತಾಯ್ತದೆ, ಏನು ಅಂತ ಗೊತ್ತಾಗಕಿಲ್ಲ."

ಇನ್ನು ಮೇಲೆ ಗಿರಿಜನೇ ಅಟ್ಟ ಹತ್ತಿ ಕೇಳಲಿ, ಅವಳ ಕಿವಿ ಚೆನ್ನಾಗಿದೆ ಎಂದ. ಆಮೇಲೆ ಡೇರಿಯ ಕಡೆ ನೋಡುತ್ತಾ, "ಈ ವರ್ಸದಾಗೆ ನೀನು ಆಡಿದ್ರಲ್ಲಿ ನಂಗೆ ಸರ್ಯಾಗಿ ಕೇಳಿದ್ದು ಆವತ್ತು ಕಿರುಚಿದ್ಯಲ್ಲ, ಅದೊಂದೇ ಮಾತು, ಬುಡು" ಎಂದ.

ತಪ್ಪಾಯ್ತಣ್ಣ ಎಂದೆ, ನೆಲ ನೋಡಿಕೊಂಡು. ಅವನು ಕಿವಿಗೆ ಕೈ ಹಿಡಿದು ಏನು ಎಂದು ಕೇಳಿದ. ಇನ್ನಷ್ಟು ಜೋರಾಗಿ ತಪ್ಪಾಯ್ತು ಎಂದೆ. ಡೇರಿಯ ಮುಂದಿನವರು ತಿರುಗಿ ನೋಡಿದರು. ಅಣ್ಣ ಮತ್ತೆ ತಲೆ ಅಲ್ಲಾಡಿಸಿ ಮುಖ ಹತ್ತಿರ ತಂದ. ಇನ್ನು ಉಳಿದದ್ದು ಒಂದೇ, ಆವತ್ತಿನಷ್ಟೇ ಗಟ್ಟಿಯಾಗಿ ಕಿರುಚಬೇಕು. ಉಸಿರೆಳೆದುಕೊಂಡೆ. ಇಡೀ ಬೀದಿ ಕಾಯುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಹಾಲು ಹಾಕಿದ್ದಾಯ್ತಾ ಅಂದೆ!"

"ಆಗ್ಲೇ ಆಯ್ತು" ಎಂದ ಅಣ್ಣ.

ಅಟ್ಟದ ಕೆಲಸ ಮುಗಿಯಿತು. ಗಿರಿಜ ಮೇಲೆ ಹತ್ತಿ ಕೇಳಿದಳು, ಅಣ್ಣ ಕೆಳಗೆ ಏಣಿ ಹಿಡಿದು ನಿಂತಿದ್ದ, ನಾನು ಗುಡ್ಡೆಗೊಂದು ಸಲ ಕಮಿಟ್ ಒತ್ತಿದೆ, ಇಡೀ ಅಟ್ಟದ ಹಟ ನನಗೀಗ ಇಲ್ಲ. ಹಸುವಿನ ದಿನ ಮಾತ್ರ ಗೋಡೆಯ ಮೇಲೇ ಉಳಿದಿದೆ, ಗಿರಿಜಳಿಗೆ ನನ್ನ ಫೈಲಿನಲ್ಲಿ ನಂಬಿಕೆ ಹೋಗಿದೆ. ಅಣ್ಣನ ಕ್ಷಮೆ ಕೇಳಿದಿರಾ ಎಂದು ಅವಳು ಆಗಾಗ ವಿಚಾರಿಸುತ್ತಾಳೆ. ಕೇಳಿದೆ, ಅದೂ ಎರಡು ಸಲ ಎನ್ನುತ್ತೇನೆ. ಸುಳ್ಳಲ್ಲ. ನನ್ನ ಕಿಟಕಿಯಲ್ಲಿ ಯಾವಾಗ ನೋಡಿದರೂ ಅದು ಸರಿಯಾಗಿಯೇ ಕಾಣುತ್ತದೆ. ಅಣ್ಣನ ಕಿಟಕಿಯಲ್ಲಿ ಇನ್ನೂ ಹಳೆಯದೇ ಇದೆ.