ದೂರು ವಿಭಾಗದ ನೀರಸಪ್ರಶ್ನೆ

ಬಟ್ಟೆ ಒಗೆಯುವ ಮಷೀನು ಮಾಡುವ ಕಂಪನಿಯಲ್ಲಿ ದೂರು ವಿಭಾಗದ ಮುಖ್ಯಸ್ಥರಾಗಿದ್ದ ಸಾಹೇಬರಿಗೆ ಮನೆಯಲ್ಲಿ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ. ಊರಿನವರೆಲ್ಲರ ಮಷೀನಿನ ಗೋಳನ್ನು ಹಗಲೆಲ್ಲ ತಾಳ್ಮೆಯಿಂದ ಕೇಳಿ, ಪರಿಹಾರ ಹೇಳುವ ಮನುಷ್ಯ. ಅದೇ ಹೆಂಡತಿ ಬಂದು, "ರೀ, ನಮ್ಮ ಮಷೀನು ಯಾಕೋ ಗಡಗಡ ಅಂತಿದೆ" ಅಂದರೆ, "ನೋಡೋಣ, ನೋಡೋಣ" ಎಂದು ಕೈಬೀಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಹಳೆಯ ಗಾದೆ. ಮದ್ದಿನ ಅಂಗಡಿಯವನ ಮನೆಯ ಕೆಮ್ಮಿಗೇ ಮದ್ದಿಲ್ಲ ಅನ್ನುವುದು ಅವರ ಹೆಂಡತಿ ಕಟ್ಟಿದ ಹೊಸ ಗಾದೆ.

ಹೆಂಡತಿ ಹುಡುಗಿಯರ ಶಾಲೆಯಲ್ಲಿ ಪಿ.ಟಿ. ಮೇಡಂ. ಮೈದಾನದ ಆ ತುದಿಯಲ್ಲಿರುವವರಿಗೆ ಕೇಳಲಿ ಎಂದು ದೇವರು ಕೊಟ್ಟ ಗಂಟಲು. ಆ ಗಂಟಲಿಗೂ ಬಗ್ಗದವರು ಜಗತ್ತಿನಲ್ಲಿ ಸಾಹೇಬರೊಬ್ಬರೇ.

ಆದರೆ ಈಗ ಸಾಹೇಬರ ತಲೆಯಲ್ಲಿದ್ದ ಚಿಂತೆಯೇ ಬೇರೆ. ಆಫೀಸಿನ ಕಟ್ಟಡ ಬಿಟ್ಟುಕೊಟ್ಟ ಮೇಲೆ ಅವರ ಕೈಕೆಳಗಿನವರೆಲ್ಲ ಅವರವರ ಮನೆಯಲ್ಲೇ ಕೂತು ಫೋನು ಎತ್ತುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿ ಯಾವ ಕಾಲವಾಗಿತ್ತೋ. ಅಷ್ಟರಲ್ಲಿ ದೊಡ್ಡಕ್ಕನಿಂದ ಮೆಸೇಜು ಬಂತು. ದೊಡ್ಡಕ್ಕ ಅಂದರೆ ವಿಭಾಗದ ಹಿರಿಯ ಜೀವ. ಸಾಹೇಬರೂ ಸೇರಿ ಎಲ್ಲರಿಗೂ ಫೋನು ಹಿಡಿಯುವುದನ್ನು ಕಲಿಸಿದವರು. "ಸಾರ್, ವರ್ಷದ ಕೊನೆಯ ರಜೆ ಮುಗಿದ ಮೇಲೆ ನಾನು ಕೆಲಸಕ್ಕೆ ಬರಲ್ಲ. ಇಡೀ ದಿನ ಬೈಗುಳ ಕೇಳ್ತೀನಿ, ನಗೋಕೆ ಪಕ್ಕದಲ್ಲಿ ಒಬ್ಬರಿಲ್ಲ. ಸಾಕಾಗಿದೆ" ಎಂದು ಬರೆದಿದ್ದರು.

ಸಾಹೇಬರು ಮೆಸೇಜನ್ನು ಎರಡೆರಡು ಸಲ ಓದಿದರು. ದೊಡ್ಡಕ್ಕ ಇಲ್ಲದ ದೂರು ವಿಭಾಗ ಅಂದರೆ ಕಂಬ ಕಿತ್ತ ಚಪ್ಪರ. ಏನಾದರೂ ಮಾಡಿ ನಗಿಸಬೇಕಲ್ಲ! ಆಗ ಹೊಳೆದದ್ದೇ ಆ ದಿವ್ಯ ಯೋಜನೆ: ವರ್ಷದ ಕೊನೆಯ ರಜೆಗೆ ಮುಂಚೆ ಆನ್‌ಲೈನಿನಲ್ಲೊಂದು ರಸಪ್ರಶ್ನೆ ಕೂಟ.

ಕೂಟದ ಸಂಜೆ ಸಾಹೇಬರು ಕೋಟು ತೊಟ್ಟು, ಟೈ ಕಟ್ಟಿ ಕೂತರು. (ಕೆಳಗೆ ಚಡ್ಡಿ. ಕ್ಯಾಮೆರಾಗೆ ಕಾಣದ ಸತ್ಯವನ್ನು ನಾವು ಹೇಳಬಾರದು, ಆದರೂ ಹೇಳಿದೆವು.)

"ಇವತ್ತೊಂದು ದಿನ ಮನೆಯಲ್ಲಿ ಸದ್ದಾಗಬಾರದು" ಎಂದು ಹೆಂಡತಿಗೆ ಆಜ್ಞೆಯಾಯಿತು.

"ನನ್ನ ತಂಡದ ಜರ್ಸಿ ಒಗೀಬೇಕು. ಕೆಸರಲ್ಲಿ ಹೊರಳಾಡಿವೆ. ಬೆಳಿಗ್ಗೆಗೆ ಬೇಕು" ಎಂದರು ಮೇಡಂ.

"ಮೆಲ್ಲಗೆ ಒಗಿ."

"ಅದನ್ನ ಮಷೀನಿಗೆ ಹೇಳಿ. ನಿಮ್ಮ ಕಂಪನಿದೇ ಅಲ್ವಾ, ನಿಮ್ಮ ಮಾತು ಕೇಳಬಹುದು."

ಕೂಟ ಶುರುವಾಯಿತು. ತೆರೆಯ ಮೇಲೆ ಸಾಲಾಗಿ ಮುಖಗಳು: ದೊಡ್ಡಕ್ಕ, ಬಿಡಿಭಾಗಗಳ ಪಾಠವನ್ನು ಬಾಯಿಪಾಠ ಮಾಡಿದ್ದರಿಂದ ಸ್ಪ್ಯಾನರ್ ಎಂದು ಹೆಸರಾದವನು, ಕೆಲಸಕ್ಕೆ ಸೇರಿದಾಗಿನಿಂದ ಯಾರನ್ನೂ ಎದುರುಬದುರಾಗಿ ನೋಡದ ಹೊಸ ಹುಡುಗಿ, ಇನ್ನುಳಿದವರು. ಸಾಹೇಬರು ಗಂಟಲು ಸರಿಮಾಡಿಕೊಂಡು ಕೇಳಿದರು: "ಪ್ರಥಮ ಪ್ರಶ್ನೆ. ಕೈಗಾರಿಕಾ ಕ್ರಾಂತಿಗೆ ಮೂಲಭೂತವಾದ ಕಾರಣಗಳಾವುವು?"

ಯಾರೋ ಆಕಳಿಸಿದ್ದು ಇಡೀ ಕೂಟಕ್ಕೆ ಕೇಳಿಸಿತು.

ಎರಡನೆಯ ಪ್ರಶ್ನೆ ಸಾಬೂನಿನ ರಸಾಯನಶಾಸ್ತ್ರದ್ದು. ಅಷ್ಟರಲ್ಲಿ ಒಬ್ಬನಿಗೆ ನೆಟ್‌ವರ್ಕ್ ಹೋಯಿತು. ಇನ್ನೊಬ್ಬನ ಮನೆ ಬಾಗಿಲಿಗೆ ಯಾರೋ ಬಂದರು. ಸ್ಪ್ಯಾನರ್ ಕಲ್ಲಿನ ಹಾಗೆ ಕದಲದೆ ಕೂತಿದ್ದ. ನೆಟ್‌ವರ್ಕ್ ನಿಂತಿದೆಯೋ ಅವನೇ ನಿಂತಿದ್ದಾನೋ ತಿಳಿಯಲಿಲ್ಲ. ರಸಪ್ರಶ್ನೆಯ ರಸ ಇಂಗಿ ನೀರಸಪ್ರಶ್ನೆ ಮಾತ್ರ ಉಳಿಯಿತು.

"ಸಾರ್, ನಾನಿನ್ನು ಬರ್ತೀನಿ. ಸ್ವಲ್ಪ ಕೆಲಸ ಇದೆ" ಎಂದರು ದೊಡ್ಡಕ್ಕ.

ಸಾಹೇಬರು ಟೈ ಸಡಿಲಿಸಿಕೊಂಡರು. ಇವರು ಈಗ ಎದ್ದು ಹೋದರೆ ಹೋದ ಹಾಗೆಯೇ. "ಒಂದೇ ಒಂದು ಪ್ರಶ್ನೆ, ದೊಡ್ಡಕ್ಕ..." ಎನ್ನುವಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಗಡಗಡ, ಗಡಗಡ, ಕಿರ್ರ್, ಧಡ್!

"ಏನಿಲ್ಲ, ಪಕ್ಕದ ಮನೇಲಿ ಗೋಡೆ ಕೊರೀತಿದಾರೆ" ಎಂದರು ಸಾಹೇಬರು.

ಹೊರಡಲು ಎದ್ದಿದ್ದ ದೊಡ್ಡಕ್ಕ ಮತ್ತೆ ಕೂತರು. ಕಿವಿಗೆ ಹೆಡ್‌ಫೋನು ಒತ್ತಿಕೊಂಡರು. "ಗೋಡೆ ಅಲ್ಲ ಸಾರ್ ಅದು. ನಮ್ಮ ಮಷೀನು."

ಕಲ್ಲಾಗಿದ್ದ ಸ್ಪ್ಯಾನರ್‌ಗೆ ಜೀವ ಬಂತು. "ಬೇರಿಂಗ್ ಹೋಗಿದೆ!"

"ಬೇರಿಂಗ್ ಆದ್ರೆ ಹೀಗೆ ಗುದ್ದಲ್ಲ. ಮಷೀನಿನ ಕಾಲು ಸಮ ಇಲ್ಲ" ಎಂದ, ನೆಟ್‌ವರ್ಕ್ ಹೋಗಿದ್ದವನು, ಅಷ್ಟೇ ವೇಗದಲ್ಲಿ ತಿರುಗಿ ಬಂದು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. "ರೀ! ನಿಮ್ಮ ಮಷೀನು ಅಡುಗೆಮನೆ ಕಡೆ ನಡ್ಕೊಂಡು ಹೊರಟಿದೆ! ನಿಲ್ಲಿಸಿ ಬಂದಿದೀನಿ!" ಎಂದ ಮೇಡಂ, ತೆರೆಯ ಮೇಲಿನ ಮುಖಗಳನ್ನು ಕಂಡು ಸೆರಗಿಲ್ಲದ ಟ್ರ್ಯಾಕ್‌ಸೂಟನ್ನೇ ಸರಿಮಾಡಿಕೊಂಡು ಕೈಮುಗಿದರು. "ನಮಸ್ಕಾರ. ದೂರು ವಿಭಾಗ ಇದೇ ತಾನೆ? ನಂದೊಂದು ದೂರಿದೆ."

ದೊಡ್ಡಕ್ಕನ ಬೆನ್ನು ನೆಟ್ಟಗಾಯಿತು. "ಹೇಳಿ ಮೇಡಂ. ಯಾವಾಗಿಂದ ಈ ತೊಂದರೆ? ಇದಕ್ಕೆ ಮುಂಚೆ ಯಾರಿಗಾದ್ರೂ ತಿಳಿಸಿದ್ರಾ?"

"ನಿಮ್ಮ ಮುಖ್ಯಸ್ಥರಿಗೇ ತಿಳಿಸಿದೀನಿ. ದಿನಾ. ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ."

"ಅವರೇನಂದ್ರು?"

"ನೋಡೋಣ ಅಂದ್ರು."

ಎಲ್ಲರೂ ಸಾಹೇಬರನ್ನು ನೋಡಿದರು. ಸಾಹೇಬರು ಕಿಟಕಿಯನ್ನು ನೋಡಿದರು.

ಆಮೇಲೆ ನಡೆದದ್ದೇ ನಿಜವಾದ ಕೂಟ. ಮೇಡಂ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎರಡು ಕೈಯಲ್ಲಿ ಹೊತ್ತು ಮಷೀನಿನ ಮುಂದಿನ ಸ್ಟೂಲಿನ ಮೇಲಿಟ್ಟರು. ಒಂದೊಂದು ಸಲ ಗುಂಡಿ ಒತ್ತಿ ಸದ್ದು ಕೇಳಿಸಿ, "ಇದು ಏನು? ಹೇಳಿ!" ಎನ್ನುವರು. ತಪ್ಪು ಹೇಳಿದವರಿಗೆ ಸೀಟಿ ಊದಿ, "ತಪ್ಪು! ಎದ್ದು ನಿಂತ್ಕೊಳ್ಳಿ!" ಎನ್ನುವರು. ಸ್ಪ್ಯಾನರ್ ನಿಜಕ್ಕೂ ಎದ್ದು ನಿಂತ. ಅವನೂ ಚಡ್ಡಿಯಲ್ಲೇ ಇದ್ದನೆಂಬುದು ಆಗ ಲೋಕವಿದಿತವಾಗಿ ಸಾಹೇಬರಿಗೆ ಕೊಂಚ ಸಮಾಧಾನವಾಯಿತು.

"ನನಗನಿಸುತ್ತೆ, ನೀರು ಹೊರಗೆ ಹೋಗೋ ಪಂಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ನೀರು ನಿಂತು ಭಾರಕ್ಕೆ ಮಷೀನು ಕುಣೀತಿದೆ" ಎಂದಳು ಹೊಸ ಹುಡುಗಿ ಮೆಲ್ಲಗೆ.

"ಸರಿ, ತೆಗೆದು ನೋಡೋಣ. ರೀ, ಬಗ್ಗಿ!" ಎಂದರು ಮೇಡಂ.

ಸಾಹೇಬರು ಕೋಟಿನಲ್ಲೇ ಮೊಣಕಾಲೂರಿ ಫಿಲ್ಟರಿನ ಮುಚ್ಚಳ ತಿರುಗಿಸಿದರು. ಮುಚ್ಚಳ ತೆಗೆಯುವ ಮೊದಲು ಕೆಳಗೊಂದು ಅಗಲವಾದ ತಟ್ಟೆ ಇಡಬೇಕೆಂದು ಲೋಕಕ್ಕೆಲ್ಲ ಉಪದೇಶಿಸಿದ ಆ ಮಹಾನುಭಾವರು ತಟ್ಟೆ ಇಡಲಿಲ್ಲ. ಮಡುಗಟ್ಟಿದ್ದ ಕೆಸರುನೀರು ಒಂದೇ ಸಲಕ್ಕೆ ನುಗ್ಗಿ ಟೈಯ ತುದಿಯಿಂದ ಚಡ್ಡಿಯವರೆಗೆ ಅಭಿಷೇಕ ಮಾಡಿತು. ಅದರ ಜೊತೆ ಠಣ್ಣೆಂದು ನೆಲಕ್ಕೆ ಏನೋ ಬಿತ್ತು.

ಮೇಡಂ ಅದನ್ನು ಎತ್ತಿ, ಒರೆಸಿ, ಕ್ಯಾಮೆರಾಗೆ ಹಿಡಿದರು. ಕಂಪನಿ ಸಾಹೇಬರಿಗೆ ಸನ್ಮಾನ ಮಾಡಿ ಕೋಟಿಗೆ ಚುಚ್ಚಿದ್ದ ಹಿತ್ತಾಳೆಯ ಬಿಲ್ಲೆ. ಅದು ಕಾಣೆಯಾದಾಗ ಮನೆಯ ಹಾಸಿಗೆ ದಿಂಬೆಲ್ಲ ಝಾಡಿಸಿ ನೋಡಿದ್ದರು. ಬಿಲ್ಲೆಯನ್ನು ಬಿಚ್ಚಿ ಇಟ್ಟುಕೊಂಡಿದ್ದ ಅಂಗಿಯ ಜೇಬನ್ನೊಂದು ಬಿಟ್ಟು. ಸ್ಪ್ಯಾನರ್ ತೆರೆಗೆ ಮೂಗು ತಾಗಿಸಿ ಓದಿದ: "ವರ್ಷದ... ಅತ್ಯುತ್ತಮ... ಕೇಳುಗ!"

ಮೊದಲು ನಕ್ಕದ್ದು ದೊಡ್ಡಕ್ಕ. ಅದು ಸಣ್ಣ ನಗುವಲ್ಲ. ಕನ್ನಡಕ ತೆಗೆದು, ಕಣ್ಣೊರೆಸಿ, ಮತ್ತೆ ಬಿಲ್ಲೆ ನೋಡಿ, ಮತ್ತೆ ಹೊಟ್ಟೆ ಹಿಡಿದುಕೊಂಡು ನಗುವ ನಗು. ಹೊಸ ಹುಡುಗಿಗೆ ಬಿಕ್ಕಳಿಕೆ ಹತ್ತಿತು. ತೊಟ್ಟಿಕ್ಕುತ್ತ ನಿಂತಿದ್ದ ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

ಉಸಿರು ಸಿಕ್ಕ ಮೇಲೆ ದೊಡ್ಡಕ್ಕ ಅಂದರು: "ಸಾರ್, ಮೊನ್ನೆ ನಾನು ಕಳಿಸಿದ ಮೆಸೇಜು ನೀವು ನೋಡೇ ಇಲ್ಲ ಅಂದ್ಕೊಳ್ಳಿ. ಆದ್ರೆ ಒಂದು ಷರತ್ತು. ಇನ್ಮೇಲೆ ತಿಂಗಳಿಗೊಂದು ಕೂಟ ಆಗ್ಬೇಕು. ಪ್ರಶ್ನೆ ಕೇಳೋದು ನೀವಲ್ಲ, ನಿಮ್ಮ ಮನೆಯವರು."

"ಒಪ್ಪಿಗೆ!" ಎಂದು ಕೂಗಿದರು ಉಳಿದವರು. ಸಾಹೇಬರನ್ನು ಯಾರೂ ಕೇಳಲಿಲ್ಲ.

ಮುಚ್ಚಳ ಹಾಕಿ ಮತ್ತೆ ಗುಂಡಿ ಒತ್ತಿದಾಗ ಮಷೀನು ತುಟಿಪಿಟಕ್ಕೆನ್ನದೆ ಬಟ್ಟೆ ಹಿಂಡಿಕೊಟ್ಟಿತು. ಸಾಹೇಬರು ಬಕೆಟ್ಟು ಹೊತ್ತು ಬಾಲ್ಕನಿಗೆ ಹೋದರು. ಒಳಗೆ ಹೆಂಡತಿಯ ಸೀಟಿ, ದೊಡ್ಡಕ್ಕನ ನಗು. ಒಂದೊಂದೇ ಜರ್ಸಿ ಕೊಡವಿ ತಂತಿಗೆ ಹಾಕುತ್ತ ಅವರು ಯೋಚಿಸಿದರು. ಇಷ್ಟು ದಿನ ತಾನು ಕೇಳದೇ ಹೋದ ಗಂಟಲೇ ಇಂದು ತನ್ನ ವಿಭಾಗವನ್ನು ಉಳಿಸಿತಲ್ಲ! ಈ ಹೆಂಗಸಿಗೆ ಎಷ್ಟು ಕೈಮುಗಿದರೂ ಸಾಲದು. ಹೌದು, ಎಲ್ಲರ ಎದುರೇ ಧನ್ಯವಾದ ಹೇಳಬೇಕು. ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳತೊಡಗಿದರು: 'ಸಹೋದ್ಯೋಗಿ ಬಂಧುಗಳೇ, ನನ್ನ ಬಾಳಿನ ಬೆಳಕಾದ...'

"ರೀ! ಬೇಗ ಬನ್ನಿ!" ಎಂದು ಒಳಗಿನಿಂದ ಕರೆ ಬಂತು.

ಈ ಸಲ ಒಂದೇ ಕೂಗಿಗೆ ಸಾಹೇಬರು ಓಡಿದರು. ಒದ್ದೆ ಟೈ ನೆಟ್ಟಗೆ ಮಾಡಿಕೊಂಡು, ನಗುಮುಖದಿಂದ ಲ್ಯಾಪ್‌ಟಾಪಿನ ಮುಂದೆ ನಿಂತು, ಬಾಯಿ ತೆರೆದರು.

"ಬ್ಯಾಟರಿ ಮುಗೀತಾ ಬಂತು" ಎಂದರು ಹೆಂಡತಿ. "ಚಾರ್ಜರ್ ಸಿಕ್ಕಿಸಿ, ಸ್ವಲ್ಪ ಪಕ್ಕಕ್ಕೆ ಸರೀರಿ. ಯಾರಿಗೂ ಏನೂ ಕಾಣಿಸ್ತಿಲ್ಲ."